ಬಿಚ್ಚೋಕೆ ಬರುತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಸ್ತುಗಳ ಬಗ್ಗೆಯೇ ಇದ್ದವು. ಯಾಕೆ ಬೇಗ ಹಾಳಾಗುತ್ತವೆ, ಹೇಗೆ ಮಾಡಿದರೆ ಬಾಳುತ್ತವೆ, 'ಹಸಿರು' ಅಂತ ಬರೆದದ್ದನ್ನು ಎಷ್ಟು ನಂಬಬಹುದು ಅಂತ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಟ್ರಿಮ್ಮರ್‌ಗೆ ಎರಡೇ ವರ್ಷ. ಈಗ ಚಾರ್ಜ್ ನಿಲ್ಲುತ್ತಿಲ್ಲ. ಮೋಟರ್, ಬ್ಲೇಡ್ ಎಲ್ಲ ಚೆನ್ನಾಗಿವೆ. ಬ್ಯಾಟರಿ ಬದಲಿಸೋಣ ಅಂದರೆ ಒಂದು ಸ್ಕ್ರೂ ಕೂಡ ಕಾಣಿಸುತ್ತಿಲ್ಲ. ಬೇಕಂತಲೇ ಹೀಗೆ ಮಾಡುತ್ತಾರಾ?

ಉತ್ತರ: ಸ್ವಲ್ಪ ಹೌದು, ಸ್ವಲ್ಪ ಇಲ್ಲ. ಟ್ರಿಮ್ಮರನ್ನು ಬೆಳಕಿಗೆ ಹಿಡಿದು ಪಕ್ಕದಲ್ಲಿ ನೋಡಿ. ಕೂದಲೆಳೆಯಂಥ ಒಂದು ಗೆರೆ ಮೇಲಿಂದ ಕೆಳಗೆ ಓಡಿರುತ್ತದೆ. ಎರಡು ಚಿಪ್ಪು ಸೇರಿದ ಜಾಗ ಅದು. ಇಂಥ ಕಡೆ ಸಾಮಾನ್ಯವಾಗಿ ಅಲ್ಟ್ರಾಸಾನಿಕ್ ವೆಲ್ಡಿಂಗ್ ಮಾಡಿರುತ್ತಾರೆ. ಸೆಕೆಂಡಿಗೆ 20,000 ಸಲದಷ್ಟು ನಡುಗಿಸಿದರೆ ಆ ತಿಕ್ಕಾಟದ ಬಿಸಿಗೆ ಅಂಚು ಕರಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಒಂದೆರಡು ಸೆಕೆಂಡಿನ ಕೆಲಸ. ಅದೇ ನಾಲ್ಕು ಸ್ಕ್ರೂ ಹಾಕಬೇಕೆಂದರೆ ಒಳಗೆ ಅವು ಕೂರೋಕೆ ಜಾಗ ಬೇಕು, ತಿರುಗಿಸೋಕೆ ಆಳೋ ಮಷಿನೋ ಬೇಕು, ನೀರು ಒಳಗೆ ಹೋಗದಂತೆ ರಬ್ಬರ್ ರಿಂಗ್ ಬೇರೆ ಬೇಕು. ಹಾಗಾಗಿ ಬಹಳ ಸಲ ಇದರಲ್ಲಿ ದ್ವೇಷ ಏನೂ ಇರುವುದಿಲ್ಲ. ಬ್ಯಾಟರಿ ಸತ್ತ ಮೇಲೆ ಇದನ್ನು ಹೇಗೆ ಬಿಚ್ಚುವುದು ಅಂತ ಡಿಸೈನ್ ಮೀಟಿಂಗಿನಲ್ಲಿ ಯಾರೂ ಕೇಳಿರುವುದಿಲ್ಲ, ಅಷ್ಟೇ.

ಬೇಕಂತಲೇ ಮಾಡಿದ್ದೂ ಉಂಟು. 1924ರಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ಬಲ್ಬಿನ ಆಯಸ್ಸನ್ನು 1000 ಗಂಟೆಗೆ ಇಳಿಸಲು ಒಪ್ಪಂದ ಮಾಡಿಕೊಂಡವು. ಅದಕ್ಕಿಂತ ಜಾಸ್ತಿ ಉರಿಯುವ ಬಲ್ಬ್ ಮಾಡಿದ ಕಂಪನಿಗೆ ದಂಡ! ಚೆನ್ನಾಗಿ ಮಾಡಿದ್ದಕ್ಕೆ ದಂಡ ಹಾಕಿದ್ದನ್ನು ನೀವು ಬೇರೆಲ್ಲಾದರೂ ಕೇಳಿದ್ದೀರಾ?

ಈಗ ಗಾಳಿ ಸ್ವಲ್ಪ ತಿರುಗಿದೆ. ಫ್ರಾನ್ಸ್‌ನಲ್ಲಿ 2021ರಲ್ಲಿ ಫೋನ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮಷಿನ್‌ಗಳಿಗೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಹಾಕಿ ತೋರಿಸಬೇಕು ಅನ್ನುವ ನಿಯಮ ಬಂತು. ಐರೋಪ್ಯ ಒಕ್ಕೂಟದ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರವರಿ 18ರಿಂದ ಇಂಥ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ಆದರೆ ಒಂದು ಸಂದಿ ಬಿಟ್ಟಿದ್ದಾರೆ. ನೀರಿನಲ್ಲೇ ಬಳಸಿ ತೊಳೆಯುವಂಥ ಸಾಧನವಾದರೆ ರಿಪೇರಿ ಬಲ್ಲವರಿಂದ ಮಾತ್ರ ಬದಲಿಸುವ ಹಾಗೆ ಮಾಡಬಹುದು. ಇನ್ನು ಮುಂದೆ ಎಲ್ಲ ಟ್ರಿಮ್ಮರ್‌ಗಳೂ 'ತೊಳೆಯಬಹುದಾದ' ಟ್ರಿಮ್ಮರ್‌ಗಳೇ ಆಗಿಬಿಡುತ್ತವೇನೋ ಅಂತ ನನಗೆ ಸಣ್ಣ ಅನುಮಾನ.

ಪ್ರಶ್ನೆ: ನಾನು ಪ್ರಾಡಕ್ಟ್ ಡಿಸೈನ್ ವಿದ್ಯಾರ್ಥಿ. ಪ್ರಾಜೆಕ್ಟಿಗೆ ನೀರಿನ ಬಾಟಲ್ ಮಾಡುತ್ತಿದ್ದೇನೆ. ಮೆಕ್ಕೆಜೋಳದಿಂದ ಬರುವ ಪಿಎಲ್‌ಎ ಪ್ಲಾಸ್ಟಿಕ್ ಬಳಸಿದರೆ ಪರಿಸರಸ್ನೇಹಿ ಆಗುತ್ತದೆ ಅಲ್ವಾ?

ಉತ್ತರ: ಇಷ್ಟು ಬೇಗ ಹೌದು ಅನ್ನಲಾರೆ. ಪಿಎಲ್‌ಎ ಗಿಡದಿಂದ ಬಂದದ್ದು ನಿಜ. ಆದರೆ ಎಲ್ಲಿಂದ ಬಂತು ಅನ್ನುವುದು ಒಂದು ಪ್ರಶ್ನೆ, ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಇನ್ನೊಂದು. ಅದು ಸರಿಯಾಗಿ ಕೊಳೆಯಬೇಕೆಂದರೆ ಸುಮಾರು 60 ಡಿಗ್ರಿ ಬಿಸಿ ಇರುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಹಿತ್ತಲ ಗುಂಡಿಯಲ್ಲಿ ಹಾಕಿದರೆ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಮಾಮೂಲಿ ಪೆಟ್ ಬಾಟಲ್‌ಗಳ ರಾಶಿಗೆ ಸೇರಿದರೆ ಆ ರೀಸೈಕ್ಲಿಂಗನ್ನೂ ಕೆಡಿಸುತ್ತದೆ. ಮೇಲಾಗಿ ಬಿಸಿನೀರು ಹಾಕಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ, ಬಾಟಲಿಗೆ ಅದು ಆಗಿಬರುವುದೇ ಇಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಡೆನ್ಮಾರ್ಕಿನ ಪರಿಸರ ಸಂಸ್ಥೆ 2018ರಲ್ಲಿ ಬ್ಯಾಗುಗಳ ಪೂರ್ತಿ ಜಾತಕ ಜಾಲಾಡಿತ್ತು. ಬೆಳೆ, ನೀರು, ಗೊಬ್ಬರ, ಸಾಗಾಟ ಎಲ್ಲ ಸೇರಿಸಿ. ಹವಾಮಾನದ ಲೆಕ್ಕ ಒಂದನ್ನೇ ನೋಡಿದರೂ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿಸಾಟಿ ಆಗಲು ಹತ್ತಿಯ ಬ್ಯಾಗನ್ನು 52 ಸಲವಾದರೂ ಬಳಸಬೇಕು. ಓಝೋನ್ ಪದರದ ಹಾನಿ ಸೇರಿ ಉಳಿದ ಅಳತೆಗಳನ್ನೂ ಹಿಡಿದರೆ 7100 ಸಲ. ಪ್ಲಾಸ್ಟಿಕ್ ಕಸ ಮಣ್ಣು, ಸಮುದ್ರ ಸೇರುವ ಹಾನಿ ಈ ಲೆಕ್ಕದಲ್ಲಿ ಇಲ್ಲ, ಆದ್ದರಿಂದ ಪ್ಲಾಸ್ಟಿಕ್ ಚೀಲಕ್ಕೆ ಜೈ ಅನ್ನಬೇಡಿ. ಆದರೆ ಎಷ್ಟು ಸಲ ಬಳಸುತ್ತೀರಿ ಅನ್ನುವುದು ಯಾವುದರಿಂದ ಮಾಡಿದ್ದು ಅನ್ನುವಷ್ಟೇ ಮುಖ್ಯ. ನಿಮ್ಮ ಬಾಟಲಿನ ವಾಷರ್ ಹೋದರೆ ಬೇರೆ ಸಿಗುತ್ತದಾ? ಒಳಗೆ ಕೈ ಹಾಕಿ ತೊಳೆಯುವಷ್ಟು ಬಾಯಿ ಅಗಲ ಇದೆಯಾ? ವಾಸನೆ ಬಂದ ಬಾಟಲನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಅದು ಸ್ಟೀಲಿನದಾದರೂ. ಮೊದಲು ಇವನ್ನು ಗೆಲ್ಲಿ, ಮೆಟೀರಿಯಲ್ ಆಮೇಲೆ.

ಪ್ರಶ್ನೆ: ಡಬ್ಬಿಯ ಕೆಳಗೆ ಬಾಣಗಳ ತ್ರಿಕೋನ ಇದ್ದರೆ ರೀಸೈಕಲ್ ಆಗುತ್ತದೆ ಅಂತ ತಾನೇ ಅರ್ಥ?

ಉತ್ತರ: ಅಲ್ಲ. ಒಳಗಿನ ಅಂಕಿ ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಮಾತ್ರ ಹೇಳುತ್ತದೆ. 1 ಅಂದರೆ ಪೆಟ್, 5 ಅಂದರೆ ಪಾಲಿಪ್ರೊಪಿಲೀನ್. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ತಂದ ಗುರುತು ಇದು. ಜನ ತಪ್ಪು ತಿಳಿಯುತ್ತಾರೆ ಅಂತಲೇ 2013ರಲ್ಲಿ ಬಾಣ ತೆಗೆದು ಬರೀ ತ್ರಿಕೋನ ಇಡುವಂತೆ ಮಾನದಂಡ ಬದಲಾಯಿತು. ಹಳೆಯ ಬಾಣಗಳು ಮಾತ್ರ ಇನ್ನೂ ಓಡಾಡುತ್ತಿವೆ.

ಪ್ರಶ್ನೆ: ನಮ್ಮದು ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಯೂನಿಟ್, ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ (ಮೋಲ್ಡ್) ಒತ್ತಿ ತುಂಬಿ ಭಾಗಗಳನ್ನು ಮಾಡುತ್ತೇವೆ. ಸಸ್ಟೇನಬಿಲಿಟಿ ಅಂದರೆ ಬರೀ ಖರ್ಚು ಅನ್ನಿಸುತ್ತದೆ. ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕಿವಿಯಿಂದ. ರಜೆಯ ದಿನ ಮಷಿನ್ ಎಲ್ಲ ಆಫ್ ಮಾಡಿ, ಕಂಪ್ರೆಸರ್ ಒಂದನ್ನೇ ಆನ್ ಮಾಡಿ ಶೆಡ್ ಸುತ್ತ ಓಡಾಡಿ. 'ಸುಯ್' ಅನ್ನುವ ಕಡೆಯಲ್ಲೆಲ್ಲ ಕರೆಂಟ್ ಬಿಲ್ ಸೋರುತ್ತಿದೆ. ನಿಗಾ ಇಡದ ಲೈನುಗಳಲ್ಲಿ 20ರಿಂದ 30 ಪರ್ಸೆಂಟ್ ಗಾಳಿ ಹೀಗೇ ಹೋಗುವುದು ಮಾಮೂಲು.

ಆಮೇಲೆ ನೀವು ಮಾಡುವ ವಸ್ತುವಿನ ಗೋಡೆಯ ದಪ್ಪ. ಇದು ನನಗೆ ತುಂಬಾ ಇಷ್ಟದ ವಿಷಯ. ಪ್ಲಾಸ್ಟಿಕ್ ತಣಿಯುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 3 ಮಿ.ಮೀ. ಗೋಡೆಯನ್ನು 2 ಮಿ.ಮೀ.ಗೆ ಇಳಿಸಿದರೆ ಮಾಲಿನಲ್ಲಿ ಮೂರರಲ್ಲೊಂದು ಭಾಗ ಉಳಿತಾಯ ಆಗುತ್ತದೆ, ತಣಿಯುವ ಸಮಯ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಸೈಕಲ್ ಟೈಮಿನ, ಅಂದರೆ ಒಂದು ಪೀಸ್ ಮಾಡಲು ಹಿಡಿಯುವ ಸಮಯದ, ದೊಡ್ಡ ಪಾಲು ಅದೇ ಅಲ್ವಾ? ಬಲ ಸಾಲದಿದ್ದರೆ ಹಿಂದೆ ರಿಬ್, ಅಂದರೆ ಆನಿಕೆಯ ತೆಳು ಏಣು, ಕೊಡಿ. ಗೋಡೆಯ ಅರ್ಧದಷ್ಟು ದಪ್ಪ ಸಾಕು, ಜಾಸ್ತಿ ಕೊಟ್ಟರೆ ಮುಂದೆ ಗುಳಿ ಬೀಳುತ್ತದೆ. ಇರುವ ಮೋಲ್ಡಿನಲ್ಲಿ ಇದು ಕಷ್ಟ, ಯಾಕೆಂದರೆ ಗೋಡೆ ತೆಳುವಾಗಲು ಮೋಲ್ಡಿಗೆ ಉಕ್ಕು ಸೇರಿಸಬೇಕು; ಉಕ್ಕು ಕೆತ್ತುವುದು ಸುಲಭ, ಸೇರಿಸುವುದು ತಲೆನೋವು. ಮುಂದಿನ ಮೋಲ್ಡನ್ನು ತೆಳ್ಳಗೇ ಶುರು ಮಾಡಿ, ಬೇಕಾದರೆ ಆಮೇಲೆ ಕೆತ್ತಿಸಿ ದಪ್ಪ ಮಾಡಿಕೊಳ್ಳಿ. ಪ್ಲಾಸ್ಟಿಕ್ ಮೋಲ್ಡಿಗೆ ಹರಿದ ದಾರಿಯಲ್ಲಿ ಗಟ್ಟಿಯಾಗಿ ಉಳಿಯುವ ರನ್ನರನ್ನು ಗ್ರೈಂಡ್ ಮಾಡಿ ಮತ್ತೆ ಹಾಕುವುದು ನಿಮಗೆ ಗೊತ್ತೇ ಇರುತ್ತದೆ. ಆದರೆ ಹಿಡಿಕೆಗೆ ಮೆತ್ತನೆಯ ರಬ್ಬರ್ ಪದರ ಬೇಕು ಅಂತ ಗಿರಾಕಿ ಕೇಳಿದಾಗ ಒಂದು ಮಾತು ಹೇಳಿ ನೋಡಿ: ಎರಡು ಮಾಲು ಅಂಟಿಕೊಂಡರೆ ಬೇರೆ ಮಾಡುವುದು ಯಾರ ಕೈಲೂ ಆಗುವುದಿಲ್ಲ. ಕಪ್ಪು ಬಣ್ಣವೂ ಹಾಗೇ. ರೀಸೈಕ್ಲಿಂಗಿಗೆ ವಿಂಗಡಿಸುವ ಹೆಚ್ಚಿನ ಮಷಿನ್ನುಗಳ ಕಣ್ಣಿಗೆ ಇಂಗಾಲದ ಕಪ್ಪು ಕಾಣುವುದೇ ಇಲ್ಲ.

ಪ್ರಶ್ನೆ: ಮುರಿದ ಭಾಗಗಳನ್ನು 3ಡಿ ಪ್ರಿಂಟರಿನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದಾ?

ಉತ್ತರ: ಖಂಡಿತ, ನಾನೇ ಮಾಡಿದ್ದೇನೆ. ರೂಮ್ ಹೀಟರಿನ ನಾಬ್ ಮುರಿದಿತ್ತು, ಕಂಪನಿಯವರು ಬಿಡಿಭಾಗ ಮಾರುವುದಿಲ್ಲ ಅಂದರು. ಅಳತೆ ತೆಗೆದು ಪ್ರಿಂಟ್ ಮಾಡಿ ಹಾಕಿದೆ, ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದೆ. ಎರಡನೇ ದಿನಕ್ಕೆ ಕಿವಿಯ ಹಾಲೆಯ ಹಾಗೆ ಜೋತು ಬಿದ್ದಿತ್ತು. ಪಿಎಲ್‌ಎ! ಮೇಲೆ ವಿದ್ಯಾರ್ಥಿಗೆ ಬುದ್ಧಿ ಹೇಳಿದವನು ನಾನೇ. ಆಮೇಲೆ ಹೆಚ್ಚು ಬಿಸಿ ತಡೆಯುವ ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದೆ. ಬಣ್ಣ ಹೊಂದುವುದಿಲ್ಲ, ಆದರೆ ತಿರುಗುತ್ತದೆ.