ಬಳ್ಳಾರಿ ಕಡೆಯ ಯೂನಿವರ್ಸಿಟಿಗಳಿಗೆ ಚಾಂಪಿಯನ್ ಪರಂಪರೆ ಯಾಕಿಲ್ಲ? ಓಡುವ ಹುಡುಗ ಡಿಗ್ರಿಗೆ ಎಲ್ಲಿ ಸೇರಬೇಕು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಮೆರಿಕದ ಯೂನಿವರ್ಸಿಟಿಗಳು ನಾವು ಇಷ್ಟು ಸಲ ಚಾಂಪಿಯನ್ ಅಂತ ಬ್ಯಾನರ್ ನೇತು ಹಾಕಿಕೊಂಡಿರುತ್ತವೆ, ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಅಂಥದ್ದು ಯಾಕಿಲ್ಲ, 1500 ಮೀಟರ್ ಓಡುವ ನಾನು ಡಿಗ್ರಿಗೆ ಎಲ್ಲಿ ಸೇರಲಿ ಅಂತ ಕೇಳಿದ್ದೀರಿ.

ನಾನೇನು ಕೋಚ್ ಅಲ್ಲ. ಬಳ್ಳಾರಿಯಲ್ಲಿ ಎಲ್‌ಐಸಿ ಏಜೆಂಟ್. ಆದರೆ 1995ರಿಂದ 98ರವರೆಗೆ ಇಲ್ಲೇ ಡಿಗ್ರಿ ಓದುವಾಗ ಓಡಿದ್ದೇನೆ. ಕೊನೆಯ ವರ್ಷ ಯೂನಿವರ್ಸಿಟಿ ಬ್ಲೂ ಕೂಡ ಆದೆ, ಹಾಗಂದರೆ ಏನು ಅಂತ ಮುಂದೆ ಹೇಳುತ್ತೇನೆ. ಈಗಲೂ ಬೆಳಗ್ಗೆ ಮೈದಾನಕ್ಕೆ ಹೋಗಿ ಹುಡುಗರಿಗೆ ಸ್ಟಾಪ್‌ವಾಚ್ ಹಿಡಿಯುತ್ತೇನೆ. ಹೊಟ್ಟೆ ನೋಡಿದರೆ ಮಾತ್ರ ನಂಬೋದು ಕಷ್ಟ.

ಮೊದಲು ಅಮೆರಿಕದ ಮಾತು ಮುಗಿಸಿಬಿಡೋಣ. ಅಲ್ಲಿ ಯೂನಿವರ್ಸಿಟಿ ಅಂದರೆ ಒಂದೇ ಊರು, ಒಂದೇ ಕ್ಯಾಂಪಸ್. ಹುಡುಗ ಅಲ್ಲೇ ಓದುತ್ತಾನೆ, ಅಲ್ಲೇ ಉಣ್ಣುತ್ತಾನೆ, ಅದೇ ಹೆಸರಿನ ಬನಿಯನ್ ಹಾಕಿಕೊಂಡು ಆಡುತ್ತಾನೆ. ಸ್ಟ್ಯಾನ್‌ಫರ್ಡ್ ಎನ್ನುವ ಒಂದೇ ಯೂನಿವರ್ಸಿಟಿ 130ಕ್ಕೂ ಹೆಚ್ಚು ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಟೀಮ್ ಚಾಂಪಿಯನ್‌ಶಿಪ್ ಗೆದ್ದಿದೆ. ಬಾಸ್ಕೆಟ್‌ಬಾಲ್ ಅಂದರೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಯೂನಿವರ್ಸಿಟಿ. ಅಲ್ಲಿ ಜಾನ್ ವುಡನ್ ಅಂತ ಕೋಚ್ ಇದ್ದರು. 1964ರಿಂದ 1975ರ ಒಳಗೆ 12 ವರ್ಷದಲ್ಲಿ 10 ಸಲ ಚಾಂಪಿಯನ್ ಮಾಡಿದರು. ಎಲ್ಲರೂ ಹೇಳೋದು ಈ ಲೆಕ್ಕ. ನನಗೆ ಮುಖ್ಯ ಅನ್ನಿಸೋದು ಬೇರೆ. ಅವರು ಆ ಯೂನಿವರ್ಸಿಟಿಗೆ ಬಂದದ್ದು 1948ರಲ್ಲಿ. ಮೊದಲ ಕಪ್ ಬಂದದ್ದು 1964ರಲ್ಲಿ. 16 ವರ್ಷ ಒಬ್ಬನೇ ಮನುಷ್ಯ, ಒಂದೇ ಕಡೆ, ಕಪ್ ಇಲ್ಲದೆ! ಪ್ರತಿ ವರ್ಷ ಹೊಸ ಹುಡುಗರು ಬಂದ ಮೊದಲ ದಿನ ಅವರು ಚೆಂಡು ಕೊಡುವ ಮುಂಚೆ ಕಾಲುಚೀಲ ಹಾಕಿಕೊಳ್ಳೋದು ಹೇಗೆ, ಲೇಸು ಕಟ್ಟೋದು ಹೇಗೆ ಅಂತ ಹೇಳಿಕೊಡುತ್ತಿದ್ದರಂತೆ. ಕಾಲುಚೀಲ ಮಡಿಕೆ ಬಿದ್ದರೆ ಬೊಬ್ಬೆ ಏಳುತ್ತೆ, ಬೊಬ್ಬೆ ಎದ್ದವನು ಆಡಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಬೂಟಿನ ಕಥೆ ಬರುತ್ತೆ.

ನಮ್ಮಲ್ಲಿ ಲೆಕ್ಕ ಬೇರೆ. ನಮ್ಮ ಯೂನಿವರ್ಸಿಟಿ ಅಂದರೆ ಜಿಲ್ಲೆಗಟ್ಟಲೆ ಹರಡಿದ ಕಾಲೇಜುಗಳ ಗುಂಪು. ಮೊದಲು ಇಂಟರ್ ಕಾಲೇಜಿಯೇಟ್ ಮೀಟ್. ಅಲ್ಲಿ ಗೆದ್ದವರಿಂದ ಯೂನಿವರ್ಸಿಟಿ ಟೀಮ್. ಕಬಡ್ಡಿ, ವಾಲಿಬಾಲ್ ಥರದ ಆಟ ಆದರೆ ಆ ಟೀಮ್ ಸೌತ್ ಜೋನ್‌ಗೆ ಹೋಗುತ್ತೆ, ಅಲ್ಲಿ ಮೇಲೆ ಬಂದರೆ ಆಲ್ ಇಂಡಿಯಾ. ನಿಮ್ಮ ಅಥ್ಲೆಟಿಕ್ಸ್‌ಗೆ ಜೋನ್ ಇಲ್ಲ, ನೇರ ಆಲ್ ಇಂಡಿಯಾ. ಈ ಯೂನಿವರ್ಸಿಟಿ ಟೀಮಿಗೆ ಆಯ್ಕೆ ಆದವನನ್ನೇ ಬ್ಲೂ ಅನ್ನೋದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಿಂದ ಬಂದ ಹೆಸರು. ನನ್ನ ಬ್ಲೇಜರ್ ಇನ್ನೂ ಬೀರುವಿನಲ್ಲಿದೆ, ಗುಂಡಿ ಮಾತ್ರ ಸೇರಲ್ಲ.

ಇಡೀ ದೇಶದಲ್ಲಿ ವರ್ಷಕ್ಕೆ ಒಂದು ಯೂನಿವರ್ಸಿಟಿಗೆ ಸಿಗುವ ದೊಡ್ಡ ಮರ್ಯಾದೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ. ಮಾಕಾ ಟ್ರೋಫಿ ಅಂತಾರೆ. 1956-57ರಲ್ಲಿ ಶುರುವಾಯಿತು. ಖೇಲ್ ರತ್ನ, ಅರ್ಜುನ ಕೊಡುವ ಸಮಾರಂಭದಲ್ಲೇ ರಾಷ್ಟ್ರಪತಿಗಳು ಇದನ್ನೂ ಕೊಡುತ್ತಾರೆ. ಇದರ ಪಟ್ಟಿ ನೋಡಿದರೆ ಪಂಜಾಬಿನ ಕಡೆಯವರದ್ದೇ ರಾಜ್ಯಭಾರ. ಅಮೃತಸರದ ಗುರುನಾನಕ್ ದೇವ್ ಯೂನಿವರ್ಸಿಟಿ ಹುಟ್ಟಿದ್ದೇ 1969ರಲ್ಲಿ, ಆದರೂ 20ಕ್ಕೂ ಹೆಚ್ಚು ಸಲ ಒಯ್ದಿದೆ. ಪಟಿಯಾಲದ ಪಂಜಾಬಿ ಯೂನಿವರ್ಸಿಟಿಯವರು, ಚಂಡೀಗಢದ ಪಂಜಾಬ್ ಯೂನಿವರ್ಸಿಟಿಯವರು ಉಳಿದದ್ದರಲ್ಲಿ ಹೆಚ್ಚಿನದನ್ನು ಹಂಚಿಕೊಂಡಿದ್ದಾರೆ. 2024ರದ್ದು ಚಂಡೀಗಢ ಯೂನಿವರ್ಸಿಟಿ ಎನ್ನುವ ಖಾಸಗಿಯವರಿಗೆ ಹೋಯಿತು. ಅವರು ಓಟ, ಕಬಡ್ಡಿ ಅಂತ ನಿಲ್ಲಲ್ಲ. ಸೈಕ್ಲಿಂಗ್, ಫೆನ್ಸಿಂಗ್, ಶೂಟಿಂಗ್, ಬಿಲ್ಲುಗಾರಿಕೆ, ಎಲ್ಲದಕ್ಕೂ ಟೀಮ್ ಕಳಿಸುತ್ತಾರೆ. ಪಾಯಿಂಟ್ ಎಲ್ಲಿಂದ ಬಂದರೂ ಪಾಯಿಂಟೇ ಅಲ್ವಾ?

ನಮ್ಮ ರಾಜ್ಯದ ಒಂದು ಹೋಲಿಕೆ ಕೇಳಿ. ಗುಲ್ಬರ್ಗ ಯೂನಿವರ್ಸಿಟಿ, ಮಂಗಳೂರು ಯೂನಿವರ್ಸಿಟಿ ಎರಡೂ ಹುಟ್ಟಿದ್ದು 1980ರಲ್ಲಿ. ಅವಳಿ ಮಕ್ಕಳು ಅನ್ನಿ. ಆಲ್ ಇಂಡಿಯಾ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ಹಲವು ಸಲ ಸಮಗ್ರ ಚಾಂಪಿಯನ್. 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲೇ ಮೀಟ್ ನಡೆದಾಗಲೂ ಅವರೇ. ಆದರೆ ಟೀಮ್ ಲಿಸ್ಟ್ ತೆಗೆದು ನೋಡಿ. ಹೆಚ್ಚಿನವರು ಒಂದೇ ಕಾಲೇಜಿನವರು, ಮೂಡುಬಿದಿರೆಯ ಆಳ್ವಾಸ್. ಅದನ್ನು ಕಟ್ಟಿದ ಮೋಹನ ಆಳ್ವರು ಓಡುವ, ಎಸೆಯುವ ಮಕ್ಕಳನ್ನು ದತ್ತು ಅಂತ ತೆಗೆದುಕೊಂಡು ಓದು, ಊಟ, ಹಾಸ್ಟೆಲ್ ಎಲ್ಲ ಉಚಿತ ಮಾಡಿದರು. ಶೀಲ್ಡಿನ ಮೇಲೆ ಮಂಗಳೂರು ಯೂನಿವರ್ಸಿಟಿ ಅಂತ ಬರೆದಿರುತ್ತೆ. ಅನ್ನ ಬೆಂದದ್ದು ಮೂಡುಬಿದಿರೆಯ ಹಾಸ್ಟೆಲ್ಲಿನಲ್ಲಿ. ನಮ್ಮ ಕಡೆಯಿಂದ ಚೆನ್ನಾಗಿ ಓಡುವ ಹುಡುಗರು ಆ ದಾರಿ ಹಿಡಿದದ್ದನ್ನೂ ನಾನು ನೋಡಿದ್ದೇನೆ. ತಪ್ಪೇನಿಲ್ಲ, ಊಟ ಹಾಕುವವರ ಮನೆಗೆ ಹೋದರು.

ಖಾಸಗಿಯವರದ್ದೂ ಅದೇ ಕಥೆ, ಸ್ವಲ್ಪ ದುಡ್ಡು ಜಾಸ್ತಿ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಆದಾಗ ಜೈನ್ ಯೂನಿವರ್ಸಿಟಿ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂತು. ಅದರಲ್ಲಿ ಈಜುಗಾರ ಶಿವ ಶ್ರೀಧರ್ ಪಾಲೇ 7.

ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆ, ಇದರ ಬಗ್ಗೆ ಯಾರೂ ಮಾತಾಡಲ್ಲ. ನಮ್ಮ ಕಾಲೇಜುಗಳು ನಿಂತಲ್ಲೇ ನಿಂತಿವೆ, ಯೂನಿವರ್ಸಿಟಿಗಳು ಬದಲಾಗುತ್ತಾ ಹೋಗಿವೆ. 1980ಕ್ಕೆ ಮುಂಚೆ ಕಲಬುರಗಿ ಭಾಗವೆಲ್ಲ ಧಾರವಾಡದ ಕರ್ನಾಟಕ ಯೂನಿವರ್ಸಿಟಿ ಕೈಯಲ್ಲಿತ್ತು. ಆಮೇಲೆ ಗುಲ್ಬರ್ಗ. 2010ರಲ್ಲಿ ಬಳ್ಳಾರಿ, ಕೊಪ್ಪಳ ಒಡೆದು ವಿಜಯನಗರ ಶ್ರೀಕೃಷ್ಣದೇವರಾಯ ಯೂನಿವರ್ಸಿಟಿ ಆಯಿತು. 2021ರಲ್ಲಿ ರಾಯಚೂರಿಗೆ ಬೇರೆ. 2023ರಲ್ಲಿ ಕೊಪ್ಪಳಕ್ಕೂ ಬೇರೆ, 2025ರಲ್ಲಿ ಅದನ್ನು ಮುಚ್ಚುವ ಮಾತೂ ಬಂತು. ಗಂಗಾವತಿಯ ಒಂದು ಮನೆ ಯೋಚಿಸಿ. ಅಪ್ಪ ಗುಲ್ಬರ್ಗಕ್ಕೆ ಆಡಿರುತ್ತಾನೆ, ಅಣ್ಣ ಬಳ್ಳಾರಿಗೆ, ತಮ್ಮ ಕೊಪ್ಪಳಕ್ಕೆ. ಮೂರು ಬ್ಲೇಜರ್, ಮೂರು ಮುದ್ರೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚಬಹುದು, ಎತ್ತು ಹಂಚಬಹುದು. ಹಳೆಯ ಶೀಲ್ಡ್ ಹೇಗೆ ಹಂಚೋದು? ಪಕ್ಕದ ಊರಿನ ಒಳ್ಳೆಯ ರಿಲೇ ಓಟಗಾರ ನಿನ್ನೆವರೆಗೆ ನಿನ್ನ ಟೀಮ್, ಇವತ್ತು ಎದುರಾಳಿ. ಹೊಸ ಯೂನಿವರ್ಸಿಟಿ ಹತ್ತಿರ ಬಂದದ್ದು ಒಳ್ಳೆಯದೇ, ಅದನ್ನು ಬೇಡ ಅನ್ನಲ್ಲ. ನಮ್ಮ ಕಾಲಕ್ಕೆ ಸೆಲೆಕ್ಷನ್‌ಗೆ ಕಲಬುರಗಿಗೆ ಹೋಗಬೇಕು ಅಂದರೆ ಗುಂತಕಲ್ಲಿಗೆ ಹೋಗಿ, ಗಾಡಿ ಬದಲಾಯಿಸಿ, ರಾಯಚೂರು, ವಾಡಿ ಮೇಲೆ ಹೋಗಬೇಕಿತ್ತು. ಕನ್ನಡದ ಊರಿಂದ ಕನ್ನಡದ ಊರಿಗೆ ಆಂಧ್ರ ಸುತ್ತಿ! ಕೂತು ಕೂತು ಕಾಲು ಹಿಡಿದು, ಮಾರನೇ ದಿನ ಓಡು ಅಂದರೆ ಏನು ಓಡ್ತೀರಿ?

ಅದಕ್ಕೇ ನಮ್ಮ ಕಡೆ ಪರಂಪರೆ ಅನ್ನೋದು ಇದ್ದರೆ ಕಾಲೇಜಿನ ಪಿ.ಡಿ. (ಆಟ ಆಡಿಸುವ ಫಿಸಿಕಲ್ ಡೈರೆಕ್ಟರ್) ರೂಮಿನಲ್ಲಿರುತ್ತೆ. ನಮ್ಮ ಕಾಲೇಜಿನ ರೂಮು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲು ತೆರೆದರೆ ಅಯೋಡೆಕ್ಸ್ ವಾಸನೆ. ಮೂಲೆಯಲ್ಲಿ ಜಾವೆಲಿನ್ ಕಟ್ಟು, ಪಕ್ಕದಲ್ಲಿ ಬಾಯಿ ಬಿಚ್ಚಿದ ಸುಣ್ಣದ ಚೀಲ. ಬೀರುವಿನ ಮೇಲೆ ಕ್ರಾಸ್ ಕಂಟ್ರಿಯ ರೋಲಿಂಗ್ ಶೀಲ್ಡ್. ನಡುವೆ ಓಡುವ ಮನುಷ್ಯನ ಗೊಂಬೆ, ಸುತ್ತಲೂ ಉಗುರಿನಷ್ಟು ಚಿಕ್ಕ ಬೆಳ್ಳಿ ಬಣ್ಣದ ತಗಡುಗಳು. ಒಂದೊಂದರ ಮೇಲೆ ಗೆದ್ದ ಕಾಲೇಜು, ವರ್ಷ. ಹಿಂದಿನ ಎರಡು ವರ್ಷ ನಮ್ಮದೇ ಹೆಸರು. ಮೂರನೇ ಸಲ ಗೆದ್ದರೆ ಶೀಲ್ಡ್ ಖಾಯಂ ನಮ್ಮದು, ವಾಪಸ್ ಕೊಡಬೇಕಿಲ್ಲ. ಮೂರನೇ ವರ್ಷದ ತಗಡು ಖಾಲಿ ಇತ್ತು. ನಮ್ಮ ಪಿ.ಡಿ. ಸರ್ ಅದನ್ನು ದಿನಾ ಕರ್ಚೀಫಿನಿಂದ ಒರೆಸುತ್ತಿದ್ದರು.

1996. ಮೀಟ್ ಇದ್ದದ್ದು ರಾಯಚೂರು ಜಿಲ್ಲೆಯಲ್ಲಿ, ಸಿಂಧನೂರಿನ ಕಡೆ. ಕ್ರಾಸ್ ಕಂಟ್ರಿ ಲೆಕ್ಕ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಎಷ್ಟನೆಯವನಾಗಿ ಬಂದೆಯೋ ಅಷ್ಟು ಪಾಯಿಂಟ್. ಟೀಮಿನಲ್ಲಿ ನಾಲ್ವರದ್ದು ಕೂಡಿಸುತ್ತಾರೆ, ಯಾರದ್ದು ಕಡಿಮೆಯೋ ಅವರು ಚಾಂಪಿಯನ್. ಅಂದರೆ ಮೊದಲು ಬಂದವನಿಗೆ ಹಾರ, ಆದರೆ ಶೀಲ್ಡ್ ಇರೋದು ನಾಲ್ಕನೆಯವನ ಕಾಲಲ್ಲಿ. ಆ ನಾಲ್ಕನೆಯವನು ನಾನು.

ಹಿಂದಿನ ರಾತ್ರಿ ಮಳೆ. ನಾವು ಬಳ್ಳಾರಿ ಹುಡುಗರು ಪ್ರಾಕ್ಟೀಸ್ ಮಾಡಿದ್ದೆಲ್ಲ ಅಲ್ಲೀಪುರದ ಕಡೆ ಕಾಲುವೆ ದಂಡೆ ಮೇಲೆ, ಗಟ್ಟಿ ನೆಲ. ಅಲ್ಲಿ ನೋಡಿದರೆ ಅಪ್ಪಟ ಎರೆ ಹೊಲ. ನಮ್ಮ ಸರ್ ಬೆಳಗ್ಗೆಯೇ ನೆಲ ಮೆಟ್ಟಿ ನೋಡಿ ಬಂದು, "ಲೇ, ಬೂಟ್ ಬಿಚ್ಚಿ ಓಡ್ರಲೇ" ಅಂದರು. ಮೂವರು ಬಿಚ್ಚಿದರು. ನಾನು ಬಿಚ್ಚಲಿಲ್ಲ. ಅಪ್ಪ ದೀಪಾವಳಿಗೆ ಅಂತ ಇಟ್ಟಿದ್ದ ದುಡ್ಡಲ್ಲಿ ಕೊಡಿಸಿದ ಹೊಸ ಬೂಟು, ನಾಲ್ಕು ಜನ ನೋಡಲಿ ಅಂತ ಆಸೆ. ಮೊದಲ ಒಂದು ಕಿಲೋಮೀಟರ್ ಮುಂದಿನ ಗುಂಪಿನಲ್ಲೇ ಇದ್ದೆ. ಆಮೇಲೆ ಎರೆ ಹತ್ತತೊಡಗಿತು. ಒಂದು ಹೆಜ್ಜೆಗೆ ಒಂದು ಪದರ. ಒದರಿದರೆ ಬೀಳಲ್ಲ. ಒಂದೊಂದು ಕಾಲಿಗೆ ಒಂದೊಂದು ಬೆಲ್ಲದ ಪೆಂಟೆ ಕಟ್ಟಿದ ಹಾಗೆ. ಆ ಊರಿನ ಹುಡುಗರು ಬರಿಗಾಲಲ್ಲಿ ಬೆರಳು ಊರಿಕೊಂಡು ಪಟಪಟ ಅಂತ ದಾಟಿ ಹೋದರು. ಬದುವಿನ ಮೇಲೆ ನಿಂತಿದ್ದ ಒಬ್ಬ ಅಜ್ಜ, "ತಮ್ಮಾ, ಎರಿಯಾಗ ಎತ್ತಿಗೂ ಬೂಟ್ ಹಾಕಂಗಿಲ್ಲೋ" ಅಂದ. ಆಗ ನಿಂತು ಬಿಚ್ಚಿದೆ. ಒದ್ದೆಯಾದ ಲೇಸು ಗಂಟು ಬಿದ್ದು, ಹಲ್ಲಲ್ಲಿ ಕಚ್ಚಿ ಬಿಚ್ಚಬೇಕಾಯಿತು. ಬಾಯ ತುಂಬ ಎರೆ.

ನಮ್ಮವರು 1, 2, 6. ನಾನು 18. ಒಟ್ಟು 27. ಆ ಊರಿನವರದ್ದು 3, 4, 7, 11, ಒಟ್ಟು 25. ಇನ್ನು ಮೂವರನ್ನು ಹಿಂದೆ ಹಾಕಿದ್ದರೆ ಶೀಲ್ಡ್ ನಮ್ಮದು. ಸರ್ ಬೈಯಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿ ಎಲ್ಲರಿಗೂ ಒಂದೊಂದು ಬೇಯಿಸಿದ ಮೊಟ್ಟೆ ಕೊಟ್ಟರು, ನನಗೂ. ಬೈದಿದ್ದರೆ ಚೆನ್ನಾಗಿತ್ತು. ಆ ಮೊಟ್ಟೆಗಳ ದುಡ್ಡು ಅವರ ಸಂಬಳದ್ದು ಅಂತ ಆಮೇಲೆ ಗೊತ್ತಾಯಿತು. ಹಾಸ್ಟೆಲ್ಲಿನಲ್ಲಿ ನಮಗೆ ಬೆಳಗ್ಗೆ ಸಿಗುತ್ತಿದ್ದದ್ದು ಮಂಡಕ್ಕಿ ಒಗ್ಗರಣೆ, ಮಿರ್ಚಿ. ರುಚಿಗೆ ಅದರ ಸಮ ಯಾವುದೂ ಇಲ್ಲ, ಆದರೆ 10 ಕಿಲೋಮೀಟರ್ ಓಡಿ ಬಂದ ಹೊಟ್ಟೆಗೆ ಅದು ಊಟ ಅಲ್ಲ.

ಮುಂದಿನ ವರ್ಷ ಶೀಲ್ಡ್ ಗೆದ್ದೆವು, ಆದರೆ ಲೆಕ್ಕ ಮತ್ತೆ ಒಂದರಿಂದ. ಅದಾದ ಮೇಲೆ ಸರ್ ರಿಟೈರ್ ಆದರು. ಬಂದವರು ಗೆಸ್ಟ್, ವರ್ಷಕ್ಕೊಬ್ಬರು. ಅವರ ತಪ್ಪೂ ಅಲ್ಲ, ಮುಂದಿನ ವರ್ಷ ಇರ್ತೀನೋ ಇಲ್ವೋ ಅಂತ ಗೊತ್ತಿಲ್ಲದವನು ಫಸ್ಟ್ ಇಯರ್ ಹುಡುಗನನ್ನು ಮೂರು ವರ್ಷ ಹೇಗೆ ಬೆಳೆಸಬೇಕು? ವುಡನ್‌ಗೆ ಸಿಕ್ಕ 16 ವರ್ಷದ ಮಾತು ನಾನು ಎತ್ತಿದ್ದು ಇದಕ್ಕೇ.

ಈಗ ನಿಮ್ಮ ವಿಷಯಕ್ಕೆ. ತೋರಣಗಲ್ಲಿನ ಹತ್ತಿರ ಜಿಂದಾಲ್‌ನವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, 2018ರಿಂದ. ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ. ಅಲ್ಲಿ ಆಯ್ಕೆ ಆಗುವಷ್ಟು ನಿಮ್ಮ ಟೈಮಿಂಗ್ ಇದ್ದರೆ ಕಣ್ಣು ಮುಚ್ಚಿ ಹೋಗಿ, ಡಿಗ್ರಿ ಹೇಗೋ ಆಗುತ್ತೆ. ಅದು ಆಗದಿದ್ದರೆ, ಮೂಡುಬಿದಿರೆಗೆ ಹೋಗಿ ಟ್ರಯಲ್ಸ್ ಕೊಟ್ಟು ನೋಡಿ. ಊರು ಬಿಟ್ಟು ಇರೋಕಾಗಲ್ಲ ಅಂದರೆ ಮಾತ್ರ ಇಲ್ಲಿ ಹುಡುಕಿ, ಹುಡುಕುವಾಗ ಯೂನಿವರ್ಸಿಟಿ ಹೆಸರು ನೋಡಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಕಾಲೇಜಿನಲ್ಲಿ ಪಿ.ಡಿ. ಖಾಯಂ ಇದ್ದಾರಾ, ಹೋದ ವರ್ಷ ಇಲ್ಲಿಂದ ಯಾರು ಬ್ಲೂ ಆದರು ಅಂತ ಕೇಳಿ. ಆ ಹುಡುಗನ ಫೋನ್ ನಂಬರ್ ಇಸ್ಕೊಂಡು ಅವನಿಗೆ ಒಂದೇ ಪ್ರಶ್ನೆ ಕೇಳಿ, ಮೀಟ್‌ಗೆ ಹೋದ ದಿನಗಳ ಅಟೆಂಡೆನ್ಸ್ ಕೊಟ್ಟರಾ ಅಂತ. ಆಫೀಸಿನವರು ಹೇಳುವುದಕ್ಕಿಂತ ಅವನು ಹೇಳಿದ್ದು ಜಾಸ್ತಿ ನಿಜ ಇರುತ್ತೆ. ಹಾಸ್ಟೆಲ್ ಅಡುಗೆಯವರ ಹತ್ತಿರ ಬೆಳಗ್ಗೆ ಏಳಕ್ಕೆ ಏನು ಸಿಗುತ್ತೆ ಅಂತಲೂ ಕೇಳಿ, ನಾಚಿಕೆ ಪಡಬೇಡಿ.

ಇನ್ನೊಂದು. ಅಡ್ಮಿಷನ್ ಮಾಡಿಸುವ ಮುಂಚೆ ಒಂದು ದಿನ ಬೆಳಗ್ಗೆ ಐದೂವರೆಗೆ ಹೇಳದೆ ಕೇಳದೆ ಆ ಕಾಲೇಜಿನ ಮೈದಾನಕ್ಕೆ ಹೋಗಿ. ಯಾರಾದರೂ ಬಗ್ಗಿಕೊಂಡು ಟ್ರ್ಯಾಕಿಗೆ ಸುಣ್ಣ ಹಾಕುತ್ತಿದ್ದರೆ, ಪಿ.ಡಿ. ಸರ್ ಯಾವಾಗ ಬರ್ತಾರೆ ಅಂತ ಅವರನ್ನು ಕೇಳಿ. ಅವರೇ ಪಿ.ಡಿ. ಸರ್ ಆಗಿದ್ದರೆ ಅಲ್ಲೇ ಸೇರಿಕೊಳ್ಳಿ.