ಪುಟ್ಟ ಮಕ್ಕಳಿಗೆ ಬೈಬಲ್ ಕಥೆ: ಪುಸ್ತಕ ಮುಚ್ಚಿಟ್ಟು ಹೇಳಿ ನೋಡಿ

ತಂಗಿ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಕಥೆ ಓದೋಕೆ ಕೂತರೆ ನಾಲ್ಕು ವರ್ಷದ ಮಗಳು ಎದ್ದು ಓಡ್ತಾಳೆ, ಆರು ವರ್ಷದ ಮಗ, ಪ್ರಳಯದಲ್ಲಿ ಹಡಗು ಹತ್ತಿ ಉಳಿದ ನೋಹನ ಕಥೆ ಕೇಳಿದಾಗಿನಿಂದ ಮಳೆ ಜೋರಾದರೆ ನಿದ್ದೆ ಮಾಡ್ತಿಲ್ಲ ಅಂದಿರಿ. ವಿರಾಜಪೇಟೆಯಲ್ಲಿ ಬಹಳ ವರ್ಷ ಧರ್ಮೋಪದೇಶ ತರಗತಿ ತಗೊಂಡವಳು ನಾನು, ಈಗ ಮನೆಯಲ್ಲಿ ಮೊಮ್ಮಗ ಇದ್ದಾನೆ. ಕಂಡದ್ದನ್ನ ಬರೀತೀನಿ, ಸ್ವಲ್ಪ ಉದ್ದ ಆದೀತು.

ಮೊದಲು ಮಗನ ಭಯ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಜರಿದದ್ದನ್ನ ನಾವು ದೊಡ್ಡವರು ಪ್ರತಿ ಮಳೆಗಾಲದಲ್ಲೂ ಮಾತಾಡ್ತೀವಿ. ಮಕ್ಕಳು ಆಟ ಆಡ್ತಾನೇ ಎಲ್ಲ ಕೇಳಿಸಿಕೊಂಡಿರ್ತಾರೆ. ಅಂಥ ಮಗುವಿಗೆ ನಲವತ್ತು ಹಗಲು ನಲವತ್ತು ರಾತ್ರಿ ಸುರಿದ ಮಳೆ ಬರೀ ಕಥೆ ಅಲ್ಲ. ಮಳೆ ಬಿಡೋ ತನಕ ನೋಹನನ್ನ ಬದಿಗಿಡಿ. ಅವನಾಗಿಯೇ ಕೇಳಿದರೆ ಪಾರಿವಾಳ ಆಲಿವ್ ಎಲೆ ಕಚ್ಚಿಕೊಂಡು ಬಂದಲ್ಲಿಂದ ಶುರು ಮಾಡಿ, ಕಾಮನಬಿಲ್ಲಿನವರೆಗೆ ಹೇಳಿ. ಇನ್ನು ಪ್ರಳಯದಿಂದ ಲೋಕ ಹಾಳು ಮಾಡೋದಿಲ್ಲ ಅಂತ ದೇವರು ಕೊಟ್ಟ ಮಾತು ಅವನಿಗೆ ಈಗ ಬೇಕು. ನನ್ನ ಮೊಮ್ಮಗ "ಹಡಗು ಹತ್ತದವರು ಏನಾದ್ರು ಅಜ್ಜಿ?" ಅಂತ ಕೇಳಿದ. ಸತ್ತುಹೋದರು ಅಂದೆ. ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ, ಬಿಡಿಸಿ ಹೇಳೋಕೂ ಹೋಗಲಿಲ್ಲ. ನನ್ನ ಸೆರಗು ಹಿಡಿದುಕೊಂಡೇ ಮಲಗಿದ.

ಮಳೆ ರಾತ್ರಿಗೆ ಮಾರ್ಕನ ಶುಭಸಂದೇಶದ ನಾಲ್ಕನೇ ಅಧ್ಯಾಯದ ಬಿರುಗಾಳಿ ಕಥೆ ಒಳ್ಳೇದು. ದೋಣಿಯೊಳಗೆ ನೀರು ನುಗ್ತಾ ಇದೆ, ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ದೆ. ಮತ್ತಾಯ, ಲೂಕ ಇದೇ ಕಥೆ ಹೇಳಿದ್ದಾರೆ, ದಿಂಬಿನ ಮಾತು ಮಾತ್ರ ಮಾರ್ಕನಲ್ಲಷ್ಟೇ ಇದೆ. ಮಕ್ಕಳು ಗಟ್ಟಿಯಾಗಿ ಹಿಡಿದುಕೊಳ್ಳೋದು ಆ ದಿಂಬನ್ನೇ. ಮಗನ ದಿಂಬು ತಟ್ಟಿ ಹೇಳಿ.

ಮಗಳು ಎದ್ದು ಓಡೋದು ಅವಳ ತಪ್ಪಲ್ಲ. ಬೈಬಲಿನ ಗ್ರಾಂಥಿಕ ಕನ್ನಡ ನಾಲ್ಕು ವರ್ಷದ ಕಿವಿಗೆ ಹತ್ತೋದಿಲ್ಲ. ನೀವು ಮೊದಲೇ ಓದಿಕೊಂಡು, ಪುಸ್ತಕ ಮುಚ್ಚಿ, ಮನೆಮಾತಲ್ಲಿ ಹೇಳಿ. ಕೊಂಕಣಿಯೋ, ಮಲಯಾಳವೋ, ತಮಿಳೋ, ಯಾವುದಾದರೂ ಸರಿ. ಐದು ನಿಮಿಷ ಸಾಕು. ಒಂದೇ ಕಥೆಯನ್ನ ವಾರವಿಡೀ ಹೇಳಿ, ಬೇಜಾರಾಗೋದು ನಮಗೇ ಹೊರತು ಅವರಿಗಲ್ಲ.

ಕೈಗೆ ಏನಾದರೂ ಕೊಡಿ. ಲೂಕ 15ರಲ್ಲಿ ಹತ್ತು ನಾಣ್ಯದಲ್ಲಿ ಒಂದನ್ನ ಕಳಕೊಂಡ ಹೆಂಗಸಿನ ಸಾಮತಿ (ಯೇಸು ಹೇಳಿದ ಹೋಲಿಕೆಯ ಕಥೆ) ಇದೆಯಲ್ಲ, ಅದಕ್ಕೆ ನಮ್ಮೂರಿನಷ್ಟು ಒಳ್ಳೆ ಜಾಗ ಇಲ್ಲ. ಜುಲೈನಲ್ಲಿ ಕರೆಂಟು ಹೋಗೋದಂತೂ ಇದ್ದೇ ಇದೆ. ಹಾಗೆ ಹೋದ ಒಂದು ಸಂಜೆ ಮೊಮ್ಮಗನೂ ನಾನೂ ಹತ್ತು ರೂಪಾಯಿ ನಾಣ್ಯಗಳನ್ನ ಚಾಪೆ ಮೇಲೆ ಸಾಲಾಗಿಟ್ಟು ಎಣಿಸಿದೆವು, ಹತ್ತರಲ್ಲಿ ಒಂಬತ್ತೇ ಸಿಕ್ಕವು. ಒಂದನ್ನ ಮೊದಲೇ ಮಂಚದ ಕೆಳಗೆ ಉರುಳಿಸಿಬಿಟ್ಟಿದ್ದೆ. ನಾನು ಮೇಣದಬತ್ತಿ ಹಿಡಿದೆ, ಅವನು ತನಗಿಂತ ಉದ್ದದ ಪೊರಕೆ ಹಿಡಿದು ಗುಡಿಸಿದ. ಹಳೇ ಚಪ್ಪಲಿ ಬಂತು, ಒಣಗಿದ ಕಿತ್ತಳೆ ಸಿಪ್ಪೆ ಬಂತು, ಕೊನೆಗೆ ಟಿಣ್ ಅಂತ ನಾಣ್ಯ ಗೋಡೆಗೆ ತಾಗಿತು. ಆ ಹೆಂಗಸು ನೆರೆಹೊರೆಯವರನ್ನ ಕರೆದಳಂತೆ ಅಂದದ್ದೇ ತಡ, ಮಳೆಯಲ್ಲೇ ಓಡಿ ಪಕ್ಕದ ಮನೆ ಆಂಟಿಯನ್ನ ಕರಕೊಂಡು ಬಂದ. ಮೂವರೂ ಕಾಫಿ ಕುಡಿದೆವು, ಅವನಿಗೆ ಹಾಲು. ದೇವರಿಗೆ ನಾವು ಸಿಕ್ಕಾಗ ಹೀಗೇ ಸಂತೋಷ ಅಂತ ಒಂದು ಮಾತು ಹೇಳಿದೆ, ಅಷ್ಟೇ.

ಸಾಸಿವೆ ಕಾಳಿನ ಸಾಮತಿಗೆ ಒಗ್ಗರಣೆ ಡಬ್ಬಿ ಸಾಕು. ಮಗಳ ಬೆರಳು ಒದ್ದೆ ಮಾಡಿ ಒಂದೇ ಕಾಳು ಅಂಟಿಸಿಕೊಳ್ಳಲಿ.

ಕಥೆ ಮುಗಿದ ಕೂಡಲೇ "ಅದಕ್ಕೇ ನೀನು ಹಟ ಮಾಡಬಾರದು" ಅಂತ ಮಾತ್ರ ಬಾಲ ಜೋಡಿಸಬೇಡಿ. ಹೇಳಿದ ಮಾತು ಕೇಳದಿದ್ದರೆ ಯೇಸು ಶಿಕ್ಷೆ ಕೊಡ್ತಾರೆ ಅಂತ ಹೆದರಿಸೋದಂತೂ ಬೇಡವೇ ಬೇಡ. ಚಿಕ್ಕಂದಿನಲ್ಲಿ ಒಬ್ಬರು ಹಾಗೆ ಹೆದರಿಸಿದ್ದಕ್ಕೆ ನಾನು ಎಷ್ಟೋ ವರ್ಷ ಶಿಲುಬೆಯ ಕಡೆ ಕಣ್ಣೆತ್ತಿ ನೋಡ್ತಿರಲಿಲ್ಲ. ಅಬ್ರಹಾಮ ಮಗನನ್ನ ಬಲಿಗೆ ಕರಕೊಂಡು ಹೋದ ಕಥೆ ದೊಡ್ಡವರಾದ ಮೇಲೆ ಸಾಕು. ಶಿಲುಬೆಯ ಬಗ್ಗೆ ಅವರು ಕೇಳಿಯೇ ಕೇಳ್ತಾರೆ, ಆಗ ಯೇಸು ಸತ್ತ ಶುಕ್ರವಾರದಲ್ಲೇ ನಿಲ್ಲಿಸಬೇಡಿ. ಬರಿದಾದ ಸಮಾಧಿ, ಯೇಸು ಮತ್ತೆ ಜೀವಂತವಾಗಿ ಎದ್ದ ಭಾನುವಾರದ ಬೆಳಗು, ಅಲ್ಲಿಗೆ ಮುಟ್ಟಿಸಿಯೇ ಮಲಗಿಸಿ.

ವಿರಾಜಪೇಟೆಗೆ ಬಂದಾಗ ಸಂತ ಅನ್ನಮ್ಮನವರ ದೇವಾಲಯಕ್ಕೆ ಇಬ್ಬರನ್ನೂ ಕರಕೊಂಡು ಬನ್ನಿ. ಇದು ಯೇಸುವಿನ ಅಜ್ಜಿಯ ಹೆಸರಿನ ಗುಡಿ ಅಂದರೆ ಮಕ್ಕಳ ಮುಖ ನೋಡಬೇಕು. ಅನ್ನಮ್ಮನ ಹೆಸರು ಬೈಬಲಿನಲ್ಲಿಲ್ಲ, ಪರಂಪರೆಯಿಂದ ಬಂದದ್ದು. ಅದನ್ನೂ ಮಗನಿಗೆ ಹೇಳಿಬಿಡಿ, ಆರು ವರ್ಷಕ್ಕೆ ಅರ್ಥ ಆಗುತ್ತೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟದ್ದು, 1792ರಲ್ಲಿ ಈ ಗುಡಿ ಆದದ್ದು, ಇದೂ ಅವರಿಗೆ ಕಥೆಯೇ. ಸಂತ ಅನ್ನಮ್ಮನ ಹಬ್ಬ ಜುಲೈ 26ಕ್ಕೆ, ಕೊಡೆ ಮರೀಬೇಡಿ.

ಕಾಫಿ ಕುಯ್ಲು ಶುರುವಾದಾಗ ಮತ್ತಾಯ 20ರ ದ್ರಾಕ್ಷಿತೋಟದ ಆಳುಗಳ ಕಥೆ ಮಗನಿಗೆ ಹೇಳಿ. ಬೆಳಿಗ್ಗೆ ಬಂದವರಿಗೂ, ಸಂಜೆ ಒಂದೇ ಗಂಟೆ ದುಡಿದವರಿಗೂ ಒಂದೇ ಕೂಲಿ. ತೋಟದಲ್ಲಿ ಸಂಜೆ ಹಣ್ಣು ತೂಗಿ ಲೆಕ್ಕ ಬರೆಯೋದನ್ನ ಅವನು ಕಂಡಿರ್ತಾನೆ, ಅದು ಮೋಸ ಅಲ್ವಾ ಅಂತ ಜಗಳ ತೆಗೀತಾನೆ. ತೆಗೀಲಿ ಬಿಡಿ. ಅವನು ಏನಂದ ಅಂತ ಇಲ್ಲಿ ಬರೀರಿ, ನಾನು ಕಾಯ್ತಿರ್ತೀನಿ.