ಶವರ್ ಬಂದ್, ದರ ಮಾತ್ರ ಹಾಗೇ: ಕ್ಯಾಂಪ್‌ಸೈಟ್ ಪ್ರಶ್ನೆಗಳಿಗೆ ಉತ್ತರ

ಕೋವಿಡ್ ನಡುವೆ ಕ್ಯಾಂಪ್‌ಸೈಟ್‌ಗಳು ಮತ್ತೆ ಬಾಗಿಲು ತೆಗೆದ ಮೇಲೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಅವೇ. ಇಂಥ ಜಾಗಗಳ ನೀರು, ಟಾಯ್ಲೆಟ್, ಚರಂಡಿ ನೋಡುವುದು ನನ್ನ ಕೆಲಸ. ಹಾಗಾಗಿ ದರದ ಬಗ್ಗೆ ನನ್ನನ್ನು ಯಾಕೆ ಕೇಳುತ್ತಾರೆ ಅಂತ ಮೊದಮೊದಲು ಕಿರಿಕಿರಿ ಆಗುತ್ತಿತ್ತು. ಆದರೆ ದರದ ಪ್ರಶ್ನೆಯನ್ನು ಸ್ವಲ್ಪ ಕೆರೆದರೆ ಕೆಳಗೆ ಟಾಯ್ಲೆಟ್ಟೇ ಸಿಗುತ್ತದೆ. ಅದಕ್ಕೇ ಇವತ್ತು ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ. ಕೈ ತೊಳೆಯಿರಿ, ಮಾಸ್ಕ್ ಹಾಕಿ ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಇನ್ನೂ ಗೊತ್ತಿಲ್ಲದವರು ಕ್ಯಾಂಪಿಂಗ್‌ಗೆ ಹೋಗದಿರುವುದೇ ಒಳ್ಳೆಯದು.

ಪ್ರಶ್ನೆ: ನಾವು ಯಾವಾಗಲೂ ಹೋಗುವ ಕ್ಯಾಂಪ್‌ಸೈಟ್ ಮತ್ತೆ ತೆರೆದಿದೆ. ಶವರ್ ಇಲ್ಲ, ಅಡುಗೆಮನೆ ಇಲ್ಲ, ಟಾಯ್ಲೆಟ್ ಮಾತ್ರ ಇದೆ. ಆದರೂ ದರ ಇಳಿಸಿಲ್ಲ, ಮೇಲೆ 'ಸ್ವಚ್ಛತಾ ಶುಲ್ಕ' ಅಂತ ಬೇರೆ ಹಾಕಿದ್ದಾರೆ. ಇದು ಸುಲಿಗೆ ಅಲ್ವಾ?

ಇರಬಹುದು, ಇಲ್ಲದೆಯೂ ಇರಬಹುದು. ನೀವು ಕೇಳಬೇಕಾಗಿದ್ದ ಎರಡು ವಿಷಯ ಕೇಳಿಲ್ಲ. ಎಷ್ಟು ಟೆಂಟ್‌ಗೆ ಜಾಗ ಕೊಡುತ್ತಿದ್ದಾರೆ? ಎಷ್ಟು ಟಾಯ್ಲೆಟ್ ತೆರೆದಿದ್ದಾರೆ?

ಸುಮ್ನೆ ಒಂದು ಲೆಕ್ಕ ಹಾಕೋಣ. 40 ಟೆಂಟ್ ಹಿಡಿಸುವ ಜಾಗ. ಎಲ್ಲ ತುಂಬಿದಾಗ ಒಂದು ಟೆಂಟಿಗೆ ಮಾಲೀಕರಿಗೆ ತಗಲುವ ಖರ್ಚು 100 ಅಂತ ಇಟ್ಟುಕೊಳ್ಳಿ. ಅದರಲ್ಲಿ 60 ಅನ್ನುವುದು, ಜನ ಬಂದರೂ ಬಾರದಿದ್ದರೂ ಹೋಗುವ ಖರ್ಚು. ಅಂದರೆ ಜಾಗದ ಬಾಡಿಗೆ, ವಿಮೆ, ಸಾಲದ ಕಂತು, ಕಾವಲುಗಾರರ ಸಂಬಳ. ಈಗ ಅಂತರ ಕಾಯಬೇಕು ಅಂತ 20 ಟೆಂಟಿಗೆ ಇಳಿಸಿದರೆ ಆ 60 ಅನ್ನುವುದು ಟೆಂಟಿಗೆ 120 ಆಗುತ್ತದೆ. ಹಳೆಯ ಪೂರ್ತಿ ಖರ್ಚನ್ನೇ ದಾಟಿತು ನೋಡಿ. ಶವರ್ ಮುಚ್ಚಿದ್ದರಿಂದ ಬಿಸಿನೀರಿನ ಖರ್ಚು ಉಳಿಯಿತು, ನಿಜ, ಆದರೆ ಅದು ಈ ಲೆಕ್ಕದಲ್ಲಿ ಒಂದು ಚೂರು. ಆ ಕಡೆ ಮೊದಲು ದಿನಕ್ಕೆ ಎರಡು ಸಲ ತೊಳೆಯುತ್ತಿದ್ದ ಟಾಯ್ಲೆಟ್ಟನ್ನು ಈಗ ಎರಡು ಗಂಟೆಗೊಮ್ಮೆ ತೊಳೆಯಬೇಕು, ಅದಕ್ಕೆ ಜನ ಬೇಕು, ಅವರಿಗೆ ಸಂಬಳ ಬೇಕು. ಹೀಗೆ ಜಾಗ ಅರ್ಧಕ್ಕೆ ಇಳಿಸಿ ಹಳೆಯ ದರವನ್ನೇ ಇಟ್ಟವರು ನಿಮ್ಮನ್ನು ಸುಲಿಯುತ್ತಿಲ್ಲ, ಕೈಯಿಂದ ಹಾಕಿ ನಡೆಸುತ್ತಿದ್ದಾರೆ.

ಇನ್ನೊಂದು ಜಾತಿಯ ಮಾಲೀಕರಿದ್ದಾರೆ. 40 ಟೆಂಟಿಗೂ ಬುಕಿಂಗ್ ತಗೊಳ್ಳುತ್ತಾರೆ. ಅಂತರದ ಹೆಸರಿನಲ್ಲಿ ಒಂದು ಬಿಟ್ಟು ಒಂದು ಟಾಯ್ಲೆಟ್ಟಿಗೆ ಬೀಗ ಹಾಕುತ್ತಾರೆ. ಶವರ್ ಬಂದ್ ಮಾಡಿ ಗ್ಯಾಸ್ ಉಳಿಸುತ್ತಾರೆ. ದರ ಏರಿಸುತ್ತಾರೆ. ಇದು ಸುಲಿಗೆ ಮಾತ್ರ ಅಲ್ಲ, ಅಪಾಯ ಕೂಡ. ಯಾಕೆ ಅಂದರೆ ಬೆಳಿಗ್ಗೆ 7ರಿಂದ 9ರವರೆಗೆ ಎಲ್ಲರಿಗೂ ಒಂದೇ ಹೊತ್ತಿಗೆ ಅವಸರ. ಒಬ್ಬರು ಹೋಗಿ ಬಂದು, ಸ್ವಲ್ಪ ಗಾಳಿಯಾಡಿ, ನಡುವೆ ಒಮ್ಮೆ ತೊಳೆದು ಅಂತ ಲೆಕ್ಕ ಹಿಡಿದರೆ ಒಂದು ಟಾಯ್ಲೆಟ್ ಗಂಟೆಗೆ ಎಂಟು ಜನಕ್ಕೆ ಆದೀತು. ನಾಲ್ಕು ಟಾಯ್ಲೆಟ್, ಎರಡು ಗಂಟೆ, 64 ಜನ. ಟೆಂಟಿಗೆ ಮೂರು ಜನ ಅಂತ ಹಿಡಿದರೆ 20 ಟೆಂಟಿಗೆ ಸರಿಹೋಯಿತು. ಅದೇ ನಾಲ್ಕಕ್ಕೆ 40 ಟೆಂಟಿನ 120 ಜನರನ್ನು ಬಿಟ್ಟರೆ ಏನಾಗುತ್ತದೆ? ಕ್ಯೂ ಆಗುತ್ತದೆ. ಮಳೆ ಬಂದರೆ ಆ ಕ್ಯೂ ಟಾಯ್ಲೆಟ್ ಬ್ಲಾಕಿನ ಒಳಗೇ, ತಗಡಿನ ಸೂರಿನ ಕೆಳಗೆ ಬಂದು ನಿಲ್ಲುತ್ತದೆ. ಬಯಲಿನಲ್ಲಿ ಟೆಂಟ್ ಹಾಕಿಕೊಂಡು ಮಲಗಿದವರಿಗೆ ಅಂಟದ್ದು ಅಲ್ಲಿ ಅಂಟುತ್ತದೆ.

ಅದಕ್ಕೇ ಮಾಲೀಕರಿಗೆ ನಾನು ಹೇಳುವುದು ಇಷ್ಟೇ. ಎಷ್ಟು ಟೆಂಟ್ ಅನ್ನುವುದನ್ನು ಮೈದಾನ ನೋಡಿ ಲೆಕ್ಕ ಹಾಕಬೇಡಿ, ಟಾಯ್ಲೆಟ್ ನೋಡಿ ಹಾಕಿ. ದರ ಅದರ ಮೇಲೆ ಕಟ್ಟಿ. ಸಾಧ್ಯವಾದರೆ ಇಂತಿಷ್ಟು ಟೆಂಟಿಗೆ ಇಂಥದೇ ಟಾಯ್ಲೆಟ್ ಅಂತ ಹಂಚಿ ಕೀಲಿ ಕೊಟ್ಟುಬಿಡಿ. ಐದು ಟೆಂಟಿನವರು ಒಂದನ್ನು ಹಂಚಿಕೊಂಡರೆ ಕ್ಯೂನೂ ಕಡಿಮೆ, ಯಾರಾದರೂ ಹುಷಾರು ತಪ್ಪಿದರೆ ಯಾರಿಗೆ ತಿಳಿಸಬೇಕು ಅನ್ನುವುದೂ ಗೊತ್ತಿರುತ್ತದೆ.

ಹಂಚಿಕೆಯ ಸೌಲಭ್ಯವೇ ಇಲ್ಲಿ ಮುಖ್ಯ ಅನ್ನುವುದು ನನ್ನೊಬ್ಬನ ಹಟ ಅಲ್ಲ. 2020ರಲ್ಲಿ ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಸರ್ಕಾರ ಸ್ವಂತ ಟಾಯ್ಲೆಟ್, ಅಡುಗೆ ವ್ಯವಸ್ಥೆ ಇರುವ ವಸತಿಗೆ ಜುಲೈ 11ರಿಂದಲೇ ಅನುಮತಿ ಕೊಟ್ಟಿತು. ಟಾಯ್ಲೆಟ್, ಶವರ್ ಹಂಚಿಕೊಳ್ಳುವ ಕ್ಯಾಂಪ್‌ಸೈಟ್‌ಗಳು ಜುಲೈ 25ರವರೆಗೆ ಕಾಯಬೇಕಾಯಿತು. ಅದೇ ತಿಂಗಳು ಬ್ರಿಟನ್ನಿನಲ್ಲಿ ಇಂಥ ವಸತಿಗಳ ಮೇಲಿನ ವ್ಯಾಟ್ ತೆರಿಗೆಯನ್ನು ಶೇ. 20ರಿಂದ ಶೇ. 5ಕ್ಕೆ ಇಳಿಸಿದರು, ಟೆಂಟ್ ಜಾಗದ ಬಾಡಿಗೆಯೂ ಅದರಲ್ಲಿ ಸೇರಿತ್ತು. ಆದರೆ ಆ ಲಾಭವನ್ನು ಗ್ರಾಹಕರಿಗೇ ದಾಟಿಸಬೇಕು ಅಂತ ಕಡ್ಡಾಯ ಮಾಡಲಿಲ್ಲ. ತೆರಿಗೆ ಇಳಿದರೆ ದರವೂ ತಾನಾಗಿ ಇಳಿಯುತ್ತದೆ ಅಂತ ಕಾದು ಕೂರುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು 'ಸ್ವಚ್ಛತಾ ಶುಲ್ಕ'. ಇದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಟಾಯ್ಲೆಟ್ ತೊಳೆಯುವುದು ಹೆಚ್ಚುವರಿ ಸೇವೆಯಾ? ಖರ್ಚು ಜಾಸ್ತಿಯಾಗಿದ್ದರೆ ಅದನ್ನು ದರದಲ್ಲೇ ಸೇರಿಸಿ, ಬುಕಿಂಗ್ ಮಾಡುವ ಮೊದಲೇ ತೋರಿಸಿ. ಗೇಟಿನಲ್ಲಿ ನಿಲ್ಲಿಸಿ ಕೇಳಬೇಡಿ. ಆ ಶುಲ್ಕ ಕಟ್ಟಿದವರು ಒಂದು ಕೆಲಸ ಮಾಡಿ. ಟಾಯ್ಲೆಟ್ ಬಾಗಿಲ ಹಿಂದೆ ನೇತು ಹಾಕಿದ ಹಾಳೆ ನೋಡಿ. ತೊಳೆದ ಹೊತ್ತು, ಸಹಿ ಎಲ್ಲ ಇರುತ್ತದೆ. ಮಧ್ಯಾಹ್ನ 12ಕ್ಕೆ ನೋಡಿದರೆ ಸಂಜೆ 6ರ ಸಹಿಯೂ ಬಿದ್ದಿರುತ್ತದೆ ಕೆಲವು ಕಡೆ. ಒಂದೇ ಪೆನ್ನು, ಒಂದೇ ಓಟ. ಫೋಟೋ ತೆಗೆದುಕೊಂಡು ಹೋಗಿ ಹಣ ವಾಪಸ್ ಕೇಳಿ.

ಕೊನೆಗೆ, ನೀವು ಕೇಳದೇ ಬಿಟ್ಟ, ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಬುಕಿಂಗ್ ರದ್ದು ಮಾಡಿದರೆ ಅಡ್ವಾನ್ಸ್ ವಾಪಸ್ ಬರುತ್ತದಾ? ಹೊರಡುವ ದಿನ ಬೆಳಿಗ್ಗೆ ಗಂಟಲು ಕೆರೆಯುತ್ತಿದೆ, ಮೈ ಬೆಚ್ಚಗಿದೆ, ಕೊಟ್ಟ ದುಡ್ಡು ವಾಪಸ್ ಬರಲ್ಲ ಅಂತ ಗೊತ್ತಿದೆ, ಮಕ್ಕಳು ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ ಅಂದಾಗ ನೂರಕ್ಕೆ ಎಷ್ಟು ಜನ ಮನೆಯಲ್ಲಿ ಉಳಿಯುತ್ತಾರೆ, ನೀವೇ ಹೇಳಿ. ಒಂದು ಪ್ಯಾರಾಸಿಟಮಾಲ್ ನುಂಗಿ ಹೊರಡುತ್ತಾರೆ. ರೀಫಂಡ್ ಇಲ್ಲ ಅನ್ನುವ ಒಂದು ಸಾಲು ನಿಮ್ಮ ಸ್ಯಾನಿಟೈಸರನ್ನೆಲ್ಲ ತೊಳೆದುಹಾಕುತ್ತದೆ. ಜನ ಸುಳ್ಳು ಹೇಳಿ ರದ್ದು ಮಾಡುತ್ತಾರೆ ಅಂತ ಮಾಲೀಕರು ಗೊಣಗುತ್ತಾರೆ. ಕೆಲವರು ಹೇಳುತ್ತಾರೆ, ಹೌದು. ಅಂಥವರ ಭಯ ಇದ್ದರೆ ಹಣದ ಬದಲು ಬೇರೆ ದಿನಾಂಕ ಕೊಡಿ, ಕಾರಣ ಕೇಳಬೇಡಿ. ಸೋಂಕು ಹಬ್ಬಿ ಇಡೀ ಜಾಗ ಮತ್ತೆ ಮುಚ್ಚುವುದಕ್ಕಿಂತ ಅಗ್ಗ ಅದು. ರೀಫಂಡ್ ಇಲ್ಲದ ಜಾಗಕ್ಕೆ, ದರ ಅರ್ಧ ಮಾಡಿದರೂ ನಾನಂತೂ ಹೋಗುವುದಿಲ್ಲ.

ಪ್ರಶ್ನೆ: ನಮ್ಮ ಗಾಡಿಯಲ್ಲೇ ಟಾಯ್ಲೆಟ್, ಸಿಂಕ್ ಇದೆ. ನಾವೂ ಪೂರ್ತಿ ದರ ಕೊಡಬೇಕಾ?

ಬೇಡ. ಜಾಗದ ದರ ಬೇರೆ, ಸೌಲಭ್ಯದ ದರ ಬೇರೆ ಇರಬೇಕು. ಆದರೆ ನಾವು ಏನನ್ನೂ ಮುಟ್ಟುವುದಿಲ್ಲ ಅಂತ ಜಂಬ ಬೇಡ. ಟಾಯ್ಲೆಟ್ ಡಬ್ಬಿ ಖಾಲಿ ಮಾಡಲು ಎಲ್ಲರೂ ಹೋಗುವ ಜಾಗಕ್ಕೇ ನೀವೂ ಹೋಗುತ್ತೀರಿ. ಅಲ್ಲಿ ಡಬ್ಬಿ ತೊಳೆಯಲು ಇಟ್ಟ ನಲ್ಲಿಯಲ್ಲಿ ಕುಡಿಯುವ ನೀರು ಹಿಡಿಯುವವರನ್ನು ನೋಡಿದ್ದೇನೆ, ಪೈಪಿನ ತುದಿ ಡಬ್ಬಿಯ ಬಾಯಿಯೊಳಗೆ ಇಳಿಬಿದ್ದಿತ್ತು. ಇದಕ್ಕೂ ಕೋವಿಡ್‌ಗೂ ಸಂಬಂಧ ಇಲ್ಲ, ವಾಂತಿ ಭೇದಿಗೆ ಖಂಡಿತ ಇದೆ.

ಪ್ರಶ್ನೆ: ಗೇಟಿನಲ್ಲಿ ಸ್ಯಾನಿಟೈಸರ್ ಸುರಂಗ ಹಾಕಿಸಬೇಕು ಅಂತಿದ್ದೇವೆ. ಯಾವ ಕಂಪನಿಯದು ಒಳ್ಳೆಯದು?

ಯಾವುದೂ ಅಲ್ಲ. ಜನರ ಮೈಮೇಲೆ ಕ್ರಿಮಿನಾಶಕ ಸಿಂಪಡಿಸಲೇಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿದೆ. ಮಾರಲು ಬಂದವರನ್ನು ಮೊದಲು ಅದರೊಳಗೆ ನಿಲ್ಲಿಸಿ.

ಪ್ರಶ್ನೆ: ಥರ್ಮಲ್ ಗನ್ ಸಾಕಾ?

ಸಾಲದು. ಜ್ವರ ಬರುವ ಮೊದಲೇ ಸೋಂಕು ಹರಡುತ್ತದೆ, ಮಾತ್ರೆ ನುಂಗಿದವರಿಗೆ ಜ್ವರ ಇರಲ್ಲ, ಬಿಸಿಲಲ್ಲಿ ನಡೆದು ಬಂದವರಿಗೆ ಹಣೆ ಸುಡುತ್ತಿರುತ್ತದೆ.

ಪ್ರಶ್ನೆ: ತಿಂಗಳುಗಟ್ಟಲೆ ಮುಚ್ಚಿದ್ದ ಶವರ್‌ಗಳನ್ನು ಈಗ ತೆರೆಯುತ್ತಿದ್ದೇವೆ. ಗೋಡೆ, ನೆಲಕ್ಕೆ ಯಾವ ಕ್ರಿಮಿನಾಶಕ ಹೊಡೆಯಬೇಕು?

ಎಲ್ಲರ ಕಣ್ಣೂ ಗೋಡೆ ಮೇಲೆ! ಪೈಪಿನೊಳಗೆ ಏನಿದೆ ಅಂತ ಕೇಳಿದವರನ್ನು ನಾನು ಕಂಡೇ ಇಲ್ಲ ಅನ್ನಬಹುದು. ನಿಂತ ನೀರಿನಲ್ಲಿ, 20ರಿಂದ 45 ಡಿಗ್ರಿ ಬಿಸಿಯಲ್ಲಿ, ಲೆಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರ್ ತಿರುಗಿಸಿದಾಗ ಸಣ್ಣ ಹನಿಗಳ ಜೊತೆ ಉಸಿರಿಗೆ ಹೋಗಿ ನ್ಯುಮೋನಿಯಾ ತರುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಸಮಾವೇಶಕ್ಕೆ ಬಂದವರಲ್ಲಿ ಇದು ಕಾಣಿಸಿಕೊಂಡಾಗ ಏನು ಕಾಯಿಲೆ ಅಂತ ಪತ್ತೆಹಚ್ಚಲು ತಿಂಗಳುಗಳೇ ಬೇಕಾದವು. ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಎಲ್ಲ ಕೋವಿಡ್ ಥರವೇ. ಈಗಿನ ಗಡಿಬಿಡಿಯಲ್ಲಿ ಯಾರಿಗೂ ಅನುಮಾನವೇ ಬರುವುದಿಲ್ಲ, ಅದೇ ನನ್ನ ಭಯ.

ಮೊದಲು ಶವರ್‌ನ ತಲೆ ಬಿಚ್ಚಿ. ಒಳಗೆ ಗಡಸು ನೀರಿನ ಬಿಳಿ ಪದರ ಕಟ್ಟಿ, ಅದರ ಮೇಲೆ ಕಂದು ಲೋಳೆ ಕೂತಿರುತ್ತದೆ. ಅದನ್ನು ಉಜ್ಜಿ ತೆಗೆದು ಕ್ಲೋರಿನ್ ನೀರಲ್ಲಿ ನೆನೆಹಾಕಿ. ಬಿಸಿನೀರಿನ ಟ್ಯಾಂಕ್ 60 ಡಿಗ್ರಿಗೆ ಏರಲಿ, ಕೊನೆಯ ನಲ್ಲಿಯಲ್ಲೂ 50 ಡಿಗ್ರಿ ದಾಟುವವರೆಗೆ ನೀರು ಬಿಟ್ಟು, ಆಮೇಲೂ ಕೆಲವು ನಿಮಿಷ ಹರಿಸಿ. ತಣ್ಣೀರಿನ ಪೈಪನ್ನೂ ಹೀಗೇ ಹರಿಸಿ ಖಾಲಿ ಮಾಡಿ. ನೀರು ಬಿಡುವಾಗ ಕಿಟಕಿ ತೆರೆದಿರಲಿ, ಹನಿ ಏಳದ ಹಾಗೆ ಪೈಪಿನ ತುದಿಯನ್ನು ಚರಂಡಿಗೇ ಇಳಿಸಿ, ನೀವು ಹೊರಗೆ ನಿಲ್ಲಿ. ಕೈ ಸುಡುವಷ್ಟು ಬಿಸಿ ಇರುತ್ತದೆ, ಹುಷಾರು. ಆಮೇಲೆ ಅತಿಥಿಗಳು ಇರಲಿ ಬಿಡಲಿ ವಾರಕ್ಕೊಮ್ಮೆಯಾದರೂ ಎಲ್ಲ ನಲ್ಲಿ ತಿರುಗಿಸಿ. ಮುಖ್ಯವಾಗಿ, ಅಂತರಕ್ಕೆ ಅಂತ ಒಂದು ಬಿಟ್ಟು ಒಂದಕ್ಕೆ ಬೀಗ ಹಾಕಿ ಬಿಟ್ಟಿರುವ ಶವರ್‌ಗಳನ್ನು. ದೊಡ್ಡ ಜಾಗ, ಹಳೆಯ ಪೈಪ್ ಇದ್ದರೆ ನೀರಿನ ಪರೀಕ್ಷೆ ಮಾಡಿಸದೆ ಶವರ್ ತೆರೆಯಲೇಬೇಡಿ.

ಪ್ರಶ್ನೆ: ಬಾಗಿಲ ಹಿಡಿಕೆ, ನಲ್ಲಿ, ಸ್ವಿಚ್ ಇವನ್ನು ಪ್ರತಿಯೊಬ್ಬರ ನಂತರ ಒರೆಸುತ್ತಿದ್ದೇವೆ. ಸಾಕಾ?

ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ಮೇಲ್ಮೈ ಮುಟ್ಟಿ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಒಂದು ಮುಟ್ಟಿಗೆ 10,000ಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಗಾಳಿ ಕಡೆ ನೋಡಿ ಮಾರಾಯ್ರೇ. ಎಷ್ಟೋ ಟಾಯ್ಲೆಟ್ ಬ್ಲಾಕ್‌ಗಳಲ್ಲಿ ಎಕ್ಸಾಸ್ಟ್ ಫ್ಯಾನಿನ ವೈರನ್ನು ಲೈಟ್ ಸ್ವಿಚ್ಚಿಗೇ ಕೊಟ್ಟಿರುತ್ತಾರೆ. ಲೈಟ್ ಆರಿಸಿದರೆ ಫ್ಯಾನೂ ನಿಂತಿತು. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಬೇರೆ ಮಾಡಿಸಿ, ಹಗಲೂ ರಾತ್ರಿ ಓಡಲಿ. ಪೇಂಟ್ ಬಳಿದು ಅಂಟಿಹೋದ ಕಿಟಕಿಯನ್ನು ಬಿಡಿಸಿ.

ಪ್ರಶ್ನೆ: ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಬೆರೆಸಿದರೆ ಪವರ್ ಜಾಸ್ತಿ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವೇ?

ಅಯ್ಯೋ ದೇವರೇ. ಆಸಿಡ್ ಇರುವ ಕ್ಲೀನರ್‌ಗೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಟಾಯ್ಲೆಟ್ಟಿನೊಳಗೆ ಬಗ್ಗಿ ಉಜ್ಜುತ್ತಿರುವ ನಿಮ್ಮ ಕೆಲಸದವರ ಶ್ವಾಸಕೋಶ ಸುಡುತ್ತದೆ. ಶೇ. 5ರ ಬ್ಲೀಚ್ ಒಂದು ಪಾಲಿಗೆ 49 ಪಾಲು ನೀರು, ಬೇರೇನೂ ಬೇಡ. ಮೊದಲು ಸೋಪು ಹಾಕಿ ಕೊಳೆ ತೆಗೆಯಿರಿ, ಆಮೇಲೆ ಇದನ್ನು ಹಚ್ಚಿ ಕನಿಷ್ಠ ಒಂದು ನಿಮಿಷ ಒದ್ದೆಯಾಗೇ ಬಿಡಿ. ಹೊಡೆದ ತಕ್ಷಣ ಒರೆಸಿದರೆ ಹೊಡೆಯದಿದ್ದಂತೆಯೇ. ದಿನಾ ಹೊಸದಾಗಿ ಕಲಸಿ.

ಪ್ರಶ್ನೆ: ಕ್ರಿಮಿ ಕೊಲ್ಲಲು ಓಝೋನ್ ಯಂತ್ರ? ಯುವಿ, ಅಂದರೆ ಅತಿನೇರಳೆ ಕಿರಣದ ಟಾರ್ಚ್?

ಕ್ರಿಮಿ ಕೊಲ್ಲುವಷ್ಟು ಓಝೋನ್ ನಿಮ್ಮ ಶ್ವಾಸಕ್ಕೂ ಕೆಟ್ಟದ್ದು. ಯುವಿ ಕಣ್ಣು, ಚರ್ಮ ಸುಡುತ್ತದೆ. ಆ ದುಡ್ಡಲ್ಲಿ ಫ್ಯಾನ್ ಹಾಕಿಸಿ.

ಪ್ರಶ್ನೆ: ಎಲ್ಲರೂ ಬಳಸುವ ಅಡುಗೆಮನೆ, ಫ್ರಿಜ್ ತೆರೆಯಬಹುದಾ?

ಮೂರು ಕಡೆ ತೆರೆದ ಚಪ್ಪರವಾದರೆ ತೆರೆಯಿರಿ. ನಾಲ್ಕು ಗೋಡೆಯ ಕೋಣೆಯಾದರೆ ಬೇಡ. ಫ್ರಿಜ್ಜಿನ ಬಾಗಿಲಿಗಿಂತ ಅದರ ಮುಂದೆ ನಿಂತು ಹರಟೆ ಹೊಡೆಯುವವರೇ ಜಾಸ್ತಿ ಅಪಾಯ.

ಪ್ರಶ್ನೆ: ಟೆಂಟ್‌ಗಳ ನಡುವೆ ಎರಡು ಮೀಟರ್ ಬಿಟ್ಟರೆ ಆಯ್ತಲ್ವಾ?

ಆಗಲ್ಲ. ಬೆಂಕಿ ಹಬ್ಬಬಾರದು ಅಂತ ಬ್ರಿಟನ್ನಿನ ಕ್ಯಾಂಪ್‌ಸೈಟ್‌ಗಳಲ್ಲಿ ಕೋವಿಡ್‌ಗೂ ಮುಂಚಿನಿಂದಲೇ 6 ಮೀಟರ್ ಬಿಡುವ ರೂಢಿ ಇದೆ. ಈಗ ಎರಡಕ್ಕೆ ಇಳಿಸಿ ಸುರಕ್ಷಿತ ಅಂದುಕೊಳ್ಳಬೇಡಿ. ಅಳೆಯುವಾಗ ಟೇಪು ಹಿಡಿದು ಬಟ್ಟೆಯಿಂದ ಬಟ್ಟೆಗೆ ಅಳೆಯಿರಿ, ನೆಲದ ಮೇಲೆ ಬಳಿದ ಸುಣ್ಣದ ಗೆರೆಯಿಂದ ಗೆರೆಗಲ್ಲ. ಜನ ಟೆಂಟಿನ ಪಕ್ಕಕ್ಕೆ ಇನ್ನೊಂದು ಚಪ್ಪರ ಕಟ್ಟಿ, ಅದರೊಳಗೆ ಸ್ಟೌ ಇಟ್ಟುಕೊಂಡಿರುತ್ತಾರೆ.